ಸಾವಿನ ಮನೆಯಲ್ಲೂ ‘ಸ್ತೋತ್ರ’ ಅಂತಾರಲ್ಲ, ಅದ್ಯಾಕೆ?

ಹೋದ ತಿಂಗಳು ನಮ್ಮ ರೋಡಿನ ಕೊನೇ ಮನೆ ಅಂಕಲ್ ತೀರ್ಕೊಂಡ್ರು. ವಯಸ್ಸು 62, ರಿಟೈರ್ ಆಗಿ ಪೂರ್ತಿ ಎರಡು ವರ್ಷ ಆಗಿರ್ಲಿಲ್ಲ, ಬೆಳಗ್ಗೆ ಹಾಲು ತಂದು ಅಡುಗೆಮನೇಲಿಟ್ಟು ಕುರ್ಚಿ ಮೇಲೆ ಕೂತ್ರು, ಅಷ್ಟೇ. ಮಣ್ಣಿಗೆ ಅಂತ ಹೊಸೂರು ರೋಡ್ ಸ್ಮಶಾನಕ್ಕೆ ಹೋಗಿದ್ವಿ. ನಮ್ಮ ಮಹಡಿ ಮೇಲೆ ಬಾಡಿಗೆಗಿರೋ ಹಾಸನದ ಹುಡುಗನೂ ಬಂದಿದ್ದ, ಅಂಕಲ್ ಅವನಿಗೆ ಬೈಕ್ ನಿಲ್ಲಿಸೋಕೆ ತಮ್ಮ ಗೇಟ್ ಒಳಗೆ ಜಾಗ ಕೊಟ್ಟಿದ್ರು, ಆ ಋಣ. ಕ್ರಿಶ್ಚಿಯನ್ನರ ಮಣ್ಣು ಅವನು ನೋಡಿದ್ದು ಇದೇ ಮೊದಲು. ವಾಪಸ್ ಬರುವಾಗ ಆಟೋದಲ್ಲಿ ಮೆಲ್ಲಗೆ ಕೇಳಿದ, "ಅಣ್ಣ, ತಪ್ಪು ತಿಳ್ಕೋಬೇಡಿ. ಪೆಟ್ಟಿಗೆ ಸುತ್ತ ನಿಂತ್ಕೊಂಡು ಎಲ್ರೂ ಹಾಡ್ತಿದ್ರಿ. ಆಂಟಿ ಅಂತೂ ಅಳ್ತಾ ಅಳ್ತಾನೇ ‘ಸ್ತೋತ್ರ ಕರ್ತನೇ, ಸ್ತೋತ್ರ’ ಅಂತಿದ್ರು. ಗಂಡ ಹೋಗಿದ್ದಕ್ಕೆ ಯಾರಾದ್ರೂ ದೇವರಿಗೆ ಥ್ಯಾಂಕ್ಸ್ ಹೇಳ್ತಾರಾ?"

ನಾನು ಹುಟ್ಟಿದಾಗಿಂದ ಚರ್ಚಿಗೆ ಹೋಗ್ತಿರೋನು, ಆದ್ರೂ ನನ್ನ ಬಾಯಿಗೆ ಬಂದಿದ್ದು "ನಮ್ಮಲ್ಲಿ ಹಂಗೇ ಕಣೋ" ಅನ್ನೋ ಉತ್ತರ. ಇಳಿದ ಮೇಲೆ ನಾಚಿಕೆ ಆಯ್ತು.

ಇದು ಅವನೊಬ್ಬನ ಪ್ರಶ್ನೆ ಅಲ್ಲ ಬಿಡಿ. ಐಟಿ ಕೆಲಸ ಕಳ್ಕೊಂಡ ನಮ್ಮ ಹುಡುಗರು ವಾಟ್ಸಾಪ್ ಸ್ಟೇಟಸ್‌ನಲ್ಲಿ ‘ದೇವರ ಪ್ಲಾನ್ ಬೇರೆ ಇದೆ, ಸ್ತೋತ್ರ’ ಅಂತ ಹಾಕ್ತಾರೆ, ಅದನ್ನ ನೋಡಿದ ಟೀಮಿನೋರು ಇವನ ಕೈಲಿ ಇನ್ನೊಂದು ಆಫರ್ ಇದೆಯಾ ಇಲ್ಲಾ ತಲೆ ಕೆಟ್ಟಿದೆಯಾ ಅಂತ ಯೋಚನೆ ಮಾಡ್ತಾರೆ. ಅದಕ್ಕೇ ಬುಡದಿಂದ ಬರೆಯೋಣ ಅನ್ನಿಸ್ತು. ನೀವೂ ನಂಬಿ ಅನ್ನೋಕಲ್ಲ. ನಂಬೋರು ಈ ಮಾತು ಆಡುವಾಗ ಮನಸ್ಸಲ್ಲಿ ಏನಿರುತ್ತೆ ಅನ್ನೋದು ಗೊತ್ತಾದ್ರೆ ಸಾಕು.

ಮೊದಲು ಪದಗಳು

ಸ್ತೋತ್ರ ಅಂದ ತಕ್ಷಣ ಬಹಳ ಜನಕ್ಕೆ ಬೆಳಗ್ಗೆ ಹೊತ್ತು ದೇವಸ್ಥಾನದ ಮೈಕಲ್ಲಿ ಬರೋ ಸಂಸ್ಕೃತದ ಸ್ತೋತ್ರ ನೆನಪಾಗುತ್ತೆ. ಕನ್ನಡ ಕ್ರಿಶ್ಚಿಯನ್ನರಲ್ಲಿ ಅದೇ ಪದಕ್ಕೆ ಬೇರೆ ಕೆಲಸ. ದೇವರನ್ನ ಹೊಗಳೋಕೂ ಅದೇ, ದೇವರಿಗೆ ವಂದನೆ ಹೇಳೋಕೂ ಅದೇ. ಫೋನ್ ಎತ್ತಿದ್ರೆ ‘ಸ್ತೋತ್ರ ಬ್ರದರ್’, ಮಾರ್ಕೆಟ್ಟಲ್ಲಿ ಸಿಕ್ಕಿದ್ರೆ ‘ಸ್ತೋತ್ರ ಸಿಸ್ಟರ್’, ಕೆಲವು ಸಭೆಗಳಲ್ಲಿ ‘ಪ್ರೈಸ್ ದ ಲಾರ್ಡ್’. ನಿಜ ಹೇಳ್ಬೇಕು ಅಂದ್ರೆ ಅರ್ಧ ಸಲ ಅದು ನಮಸ್ಕಾರಕ್ಕಿಂತ ಜಾಸ್ತಿ ಏನೂ ಅಲ್ಲ, ಬಾಯಿ ಅಭ್ಯಾಸ. ಆದ್ರೆ ಆವತ್ತು ಆಂಟಿ ಬಾಯಲ್ಲಿ ಬಂದಿದ್ದು ಅಭ್ಯಾಸದ್ದಲ್ಲ ಅಂತ ಆ ಹುಡುಗನಿಗೂ ಗೊತ್ತಾಗಿತ್ತು, ಅದಕ್ಕೇ ಕೇಳಿದ.

ಹಲ್ಲೆಲೂಯ ಅನ್ನೋದು ಹೀಬ್ರೂ ಭಾಷೇದು. ‘ಹಲ್ಲೆಲು’ ಅಂದ್ರೆ ಸ್ತುತಿಸಿರಿ, ‘ಯಾಹ್’ ಅನ್ನೋದು ಯೆಹೋವ ಅನ್ನೋ ದೇವರ ಹೆಸರಿನ ಮೊಟಕು ರೂಪ. ಗಮನಿಸಿ, ಅದು ‘ಸ್ತುತಿಸು’ ಅಲ್ಲ, ‘ಸ್ತುತಿಸಿರಿ’, ಬಹುವಚನ. ಅಂದ್ರೆ ಪಕ್ಕದಲ್ಲಿರೋರನ್ನ ಕರೆಯೋ ಮಾತು, ಬನ್ರಪ್ಪಾ ಎಲ್ರೂ ಸೇರಿ ಹಾಡೋಣ ಅಂತ. ಒಬ್ಬರ ಕೈಲಿ ಆಗದೇ ಇರೋ ದಿನ ಇನ್ನೊಬ್ಬರು ಹಾಡ್ತಾರೆ ಅನ್ನೋ ವಿಷಯ ಈ ಪದದಲ್ಲೇ ಇದೆ.

ಆಮೆನ್ ಅನ್ನೋದನ್ನ ‘ಹಾಗೇ ಆಗಲಿ’ ಅಂತ ಅರ್ಥ ಮಾಡ್ತೀವಿ, ಸರಿನೇ. ಅದರ ಹೀಬ್ರೂ ಬೇರಿಗೆ ಗಟ್ಟಿಯಾಗಿರೋದು, ಅಲ್ಲಾಡದೇ ನಿಲ್ಲೋದು ಅನ್ನೋ ಅರ್ಥ ಇದೆ, ನಂಬಿಕೆ ಅನ್ನೋದಕ್ಕೆ ಆ ಭಾಷೇಲಿರೋ ಪದವೂ ಅದೇ ಬೇರಿಂದ ಹುಟ್ಟಿದ್ದು. ಪ್ರಾರ್ಥನೆ ಮುಗಿಯೋದನ್ನೇ ಕಾಯ್ತಾ ಊಟದ ಮುಂದೆ ಕೂತ ಮಕ್ಕಳು ಎಲ್ಲರಿಗಿಂತ ಜೋರಾಗಿ ಆಮೆನ್ ಅನ್ನೋದು ಬೇರೆ ವಿಷಯ.

ಥ್ಯಾಂಕ್ಸ್ ಬೇರೆ, ಹೊಗಳಿಕೆ ಬೇರೆ

ಹುಡುಗನ ಗೊಂದಲ ಇರೋದು ಇಲ್ಲಿ. ಕೃತಜ್ಞತೆ ಅಂದ್ರೆ ನನಗೆ ಏನೋ ಸಿಕ್ಕಿದ್ದಕ್ಕೆ ಹೇಳೋದು. ಸ್ತುತಿ ಅಂದ್ರೆ ಆ ವ್ಯಕ್ತಿ ಎಂಥವನು ಅನ್ನೋದನ್ನ ಹೇಳೋದು. ದರ್ಶಿನಿಯಲ್ಲಿ ಬಿಸಿ ದೋಸೆ ಪ್ಲೇಟು ಮುಂದೆ ತಳ್ಳಿದ ಅಣ್ಣನಿಗೆ ‘ಥ್ಯಾಂಕ್ಸ್’ ಅಂತೀವಿ, ಅದು ಕೃತಜ್ಞತೆ. ತಿಂದು ಹೊರಗೆ ಬಂದು ಯಾರೂ ಕೇಳದೇ ಇದ್ರೂ ಫ್ರೆಂಡಿಗೆ ಫೋನ್ ಮಾಡಿ ‘ಗುರು, ಏನ್ ಕೈ ಮಾರಾಯ ಆ ಭಟ್ಟರದ್ದು’ ಅಂತೀವಲ್ಲ, ಅದು ಸ್ತುತಿ. ಎರಡನೇದರಲ್ಲಿ ನಮಗೆ ಲಾಭ ಏನೂ ಇಲ್ಲ, ಆವತ್ತು ದೋಸೆ ಖಾಲಿ ಆಗಿ ಬರೀ ಕಾಫಿ ಕುಡಿದು ಬಂದಿದ್ರೂ ಭಟ್ಟರ ಕೈ ಚೆನ್ನಾಗಿರೋದು ಸುಳ್ಳಾಗಲ್ಲ.

ಆಂಟಿ ಹೇಳ್ತಿದ್ದ ಸ್ತೋತ್ರ ಈ ಎರಡನೇ ಥರದ್ದು. ಗಂಡ ಸತ್ತಿದ್ದು ಒಳ್ಳೇದಾಯ್ತು ಅಂತಲ್ಲ, ಇಷ್ಟೆಲ್ಲ ಆದ್ರೂ ನೀನು ದೇವರೇ, ನೀನು ಒಳ್ಳೆಯವನೇ ಅಂತ.

ಇದಕ್ಕೆ ಬೈಬಲ್ಲಲ್ಲಿ ಒಂದು ಪ್ರಸಿದ್ಧ ವಾಕ್ಯ ಇದೆ, ಥೆಸಲೋನಿಕ ಅನ್ನೋ ಊರಿನ ಕ್ರಿಶ್ಚಿಯನ್ನರಿಗೆ ಅಪೊಸ್ತಲ ಪೌಲ ಬರೆದ ಮೊದಲನೇ ಪತ್ರದ 5ನೇ ಅಧ್ಯಾಯ, 18ನೇ ವಚನ. ‘ಎಲ್ಲಾದರಲ್ಲಿಯೂ’ ಕೃತಜ್ಞತಾಸ್ತುತಿ ಮಾಡಿ ಅಂತ. ಸ್ಕೂಲಲ್ಲಿ ಬಾಯಿಪಾಠ ಮಾಡಿದ ವಿಭಕ್ತಿ ಪ್ರತ್ಯಯ ಕೊನೆಗೂ ಕೆಲಸಕ್ಕೆ ಬಂತು ನೋಡಿ. ‘ಅಲ್ಲಿ’ ಅಂದ್ರೆ ಸಪ್ತಮಿ, ‘ಕ್ಕೆ’ ಅಂದ್ರೆ ಚತುರ್ಥಿ. ಎಲ್ಲದರಲ್ಲೂ ಅಂತ ಇದೆ, ಎಲ್ಲದಕ್ಕೂ ಅಂತಿಲ್ಲ. ಆಸ್ಪತ್ರೆಯಲ್ಲಿ ಕೃತಜ್ಞತೆ ಹೇಳಬಹುದು, ಕ್ಯಾನ್ಸರಿಗೆ ಹೇಳಬೇಕಾಗಿಲ್ಲ. ಎಫೆಸದವರಿಗೆ ಬರೆದ ಪತ್ರದಲ್ಲಿ ‘ಎಲ್ಲದಕ್ಕೂ’ ಅನ್ನೋ ಅರ್ಥದ ಮಾತೂ ಇದೆ, ಅದನ್ನ ಹಿಡ್ಕೊಂಡು ಎಲ್ಲದಕ್ಕೂ ಸ್ತೋತ್ರ ಹೇಳಲೇಬೇಕು ಅನ್ನೋ ಪಾಸ್ಟರುಗಳೂ ಇದ್ದಾರೆ, ಆ ವಾದ ಇನ್ನೂ ಮುಗಿದಿಲ್ಲ.

ಸ್ತುತಿ ಮಾಡೋರು ಅಳಬಾರದಾ?

ಇದು ನಮ್ಮೋರೇ ಜಾಸ್ತಿ ತಪ್ಪು ತಿಳ್ಕೊಂಡಿರೋ ಜಾಗ, ಸ್ವಲ್ಪ ನಿಧಾನವಾಗಿ ಹೋಗೋಣ.

ಬೈಬಲ್ಲಿನ ಹಾಡಿನ ಪುಸ್ತಕ ಅಂದ್ರೆ ಕೀರ್ತನೆಗಳು, ಒಟ್ಟು 150. ಹೀಬ್ರೂನಲ್ಲಿ ಅದರ ಹೆಸರೇ ‘ತೆಹಿಲ್ಲೀಮ್’, ಅಂದ್ರೆ ಸ್ತುತಿಗಳು. ಆದ್ರೆ ತೆಗೆದು ಓದಿ ನೋಡಿ, ಹೆಚ್ಚುಕಡಿಮೆ ಮೂರರಲ್ಲಿ ಒಂದು ಅಳು, ದೂರು, ಜಗಳ. 13ನೇ ಕೀರ್ತನೆ ಇರೋದೇ 6 ವಚನ, ಅದರ ಮೊದಲ ಎರಡರಲ್ಲೇ ‘ಇನ್ನೂ ಎಷ್ಟು ದಿನ’ ಅನ್ನೋ ಪ್ರಶ್ನೆ ನಾಲ್ಕು ಸಲ ಬರುತ್ತೆ. ನನ್ನನ್ನ ಮರೆತೇ ಬಿಟ್ಯಾ ಅಂತ ನೇರವಾಗಿ ಕೇಳ್ತಾನೆ, ಕೊನೇ ವಚನಕ್ಕೆ ಬರೋ ಹೊತ್ತಿಗೆ ಹಾಡ್ತೀನಿ ಅಂತಾನೆ. ಮಧ್ಯೆ ಕಷ್ಟ ಪರಿಹಾರ ಆಯ್ತು ಅಂತ ಎಲ್ಲೂ ಇಲ್ಲ. 88ನೇ ಕೀರ್ತನೆ ಇನ್ನೂ ಖಡಕ್ಕು, ಅದು ಕತ್ತಲೆಯಲ್ಲೇ ಮುಗಿಯುತ್ತೆ, ಕೊನೆಗೊಂದು ಸಮಾಧಾನದ ಸಾಲೂ ಇಲ್ಲ. ಇಂಥದ್ದನ್ನೂ ಸ್ತುತಿಗಳು ಅನ್ನೋ ಹೆಸರಿನ ಪುಸ್ತಕದೊಳಗೆ ಹಾಕಿದ್ದಾರೆ, ಯಾರೂ ತೆಗೆದು ಬಿಸಾಕಿಲ್ಲ.

ಇದು ಹೇಗೆ ಅಂತ ಅರ್ಥ ಆಗ್ಬೇಕು ಅಂದ್ರೆ ಇಂಜೆಕ್ಷನ್ ಹಾಕಿಸೋ ದಿನ ಯಾವುದಾದ್ರೂ ಆರೋಗ್ಯ ಕೇಂದ್ರದಲ್ಲಿ ಅರ್ಧ ಗಂಟೆ ಕೂತ್ಕೊಳ್ಳಿ. ಅಮ್ಮನೇ ಮಗುವಿನ ಕಾಲು ಗಟ್ಟಿಯಾಗಿ ಹಿಡ್ಕೊಂಡಿರ್ತಾಳೆ, ನರ್ಸ್ ಚುಚ್ಚುತ್ತಾರೆ, ಮಗು ಆಸ್ಪತ್ರೆ ಹಾರಿ ಹೋಗೋ ಥರ ಕಿರುಚುತ್ತೆ, ಅಮ್ಮನ ಎದೆಗೇ ಗುದ್ದುತ್ತೆ, ಆಮೇಲೆ ಯಾರ ಕುತ್ತಿಗೆಗೆ ನೇತಾಕ್ಕೊಳ್ಳುತ್ತೆ ಹೇಳಿ? ಅದೇ ಅಮ್ಮನ ಕುತ್ತಿಗೆಗೆ. ಪಕ್ಕದಲ್ಲಿ ಕೂತಿರೋ ನಾನು ಕೈ ಚಾಚಿದ್ರೆ ಬರಲ್ಲ. ಬೈಯೋಕೂ ಅಮ್ಮನೇ ಬೇಕು, ಸಮಾಧಾನಕ್ಕೂ ಅಮ್ಮನೇ ಬೇಕು. ಕನ್ನಡದಲ್ಲಿ ನಾವು ಪ್ರಾರ್ಥನೆ ಮಾಡುವಾಗ ದೇವರಿಗೆ ‘ನೀವು’ ಅನ್ನಲ್ಲ, ಅಮ್ಮನಿಗೆ ಅನ್ನೋ ಹಾಗೆ ‘ನೀನು’ ಅಂತೀವಿ, ಅದನ್ನ ಇಲ್ಲಿ ನೆನಪಿಟ್ಕೊಳ್ಳಿ.

ಯೇಸು ಸ್ವಾಮಿ ಶಿಲುಬೆ ಮೇಲೆ ‘ನನ್ನ ದೇವರೇ, ಯಾಕೆ ಕೈಬಿಟ್ಟೆ’ ಅಂತ ಕೂಗಿದ್ದು 22ನೇ ಕೀರ್ತನೆಯ ಮೊದಲ ಸಾಲು. ಅದಕ್ಕೂ ಹಿಂದಿನ ರಾತ್ರಿ ಊಟದಲ್ಲಿ ರೊಟ್ಟಿ ತಗೊಂಡು ದೇವರಿಗೆ ಸ್ತೋತ್ರ ಹೇಳಿ ಮುರಿದ್ರು, ನಾಳೆ ಏನಾಗುತ್ತೆ ಅಂತ ಗೊತ್ತಿದ್ದೇ. ಆ ಊಟದ ನೆನಪಿಗೆ ಇವತ್ತಿಗೂ ಚರ್ಚುಗಳಲ್ಲಿ ನಡಿಯೋ ಸಂಸ್ಕಾರಕ್ಕೆ ‘ಯೂಕರಿಸ್ಟ್’ ಅಂತಾರೆ, ಗ್ರೀಕಲ್ಲಿ ಆ ಪದದ ಅರ್ಥ ಕೃತಜ್ಞತೆ ಸಲ್ಲಿಸೋದು. ಒಂದೇ ದಿನದೊಳಗೆ ಸ್ತೋತ್ರನೂ ಇದೆ, ಯಾಕೆ ಅನ್ನೋ ಕೂಗೂ ಇದೆ.

ಯೋಬನ ಕತೆ ನಿಮಗೂ ಗೊತ್ತಿರಬಹುದು. ಮಕ್ಕಳು, ಆಸ್ತಿ ಎಲ್ಲ ಹೋದ ದಿನ ‘ಯೆಹೋವ ಕೊಟ್ಟ, ಯೆಹೋವ ತಗೊಂಡ, ಆತನ ನಾಮಕ್ಕೆ ಸ್ತೋತ್ರ’ ಅಂದ. ನಮ್ಮ ಮಣ್ಣುಗಳಲ್ಲಿ ಈ ಮಾತು ಓದದೇ ಇರೋದೇ ಕಮ್ಮಿ. ಆದ್ರೆ ಅದು 1ನೇ ಅಧ್ಯಾಯ. 3ನೇ ಅಧ್ಯಾಯಕ್ಕೆ ಬಂದ್ರೆ ಅದೇ ಯೋಬ ತಾನು ಹುಟ್ಟಿದ ದಿನಕ್ಕೇ ಶಾಪ ಹಾಕ್ತಾನೆ, ಅಲ್ಲಿಂದ ಮುಂದೆ ಅಧ್ಯಾಯಗಟ್ಟಲೆ ದೇವರ ಜೊತೆ ವಾದ. ಸಾವಿನ ಮನೇಲಿ 1ನೇ ಅಧ್ಯಾಯ ಓದಿ ಪುಸ್ತಕ ಮುಚ್ಚೋದರಿಂದ ಪೂರ್ತಿ ಯೋಬ ನಮಗೆ ಸಿಗ್ತಾನೇ ಇಲ್ಲ.

‘ದೇವರ ಚಿತ್ತ’ ಅಂದ್ರೆ ಹಣೆಬರಹನಾ?

ಚಿತ್ತ ಅಂದ್ರೆ ಇಷ್ಟ, ಸಂಕಲ್ಪ. ‘ದೇವರ ಚಿತ್ತ ಇದ್ರೆ ಬರ್ತೀನಿ’ ಅಂತ ನಮ್ಮಜ್ಜಿ ಮಲ್ಲೇಶ್ವರಕ್ಕೆ ಹೋಗೋದಿದ್ರೂ ಹೇಳ್ತಿದ್ರು. ಅದನ್ನ ಕೇಳಿದೋರಿಗೆ ಓ, ಎಲ್ಲ ಮೊದಲೇ ಬರೆದಿಟ್ಟಿದೆ ಅನ್ನೋ ನಂಬಿಕೆ ಇರಬೇಕು ಅನ್ನಿಸುತ್ತೆ.

ಹಣೆಬರಹದ ಜೊತೆ ಮಾತಾಡೋಕಾಗಲ್ಲ, ಚೌಕಾಸಿ ಮಾಡೋಕಾಗಲ್ಲ. ಬೈಬಲ್ಲಿನ ದೇವರ ಜೊತೆ ಆಗುತ್ತೆ. ಆದಿಕಾಂಡ 18ನೇ ಅಧ್ಯಾಯದಲ್ಲಿ ದೇವರು ನಾಶ ಮಾಡೋಕೆ ಹೊರಟಿದ್ದ ಸೊದೋಮ್ ಅನ್ನೋ ಊರನ್ನ ಉಳಿಸು ಅಂತ ಅಬ್ರಹಾಮ ಕೇಳೋ ರೀತಿ ನೋಡಿದ್ರೆ ಕೆ.ಆರ್. ಮಾರ್ಕೆಟ್ಟಲ್ಲಿ ಸೇವಂತಿಗೆ ಹೂವಿನ ಮುಂದೆ ನಿಂತ ನಮ್ಮ ಚಿಕ್ಕಮ್ಮ ನೆನಪಾಗ್ತಾರೆ. 50 ಜನ ಒಳ್ಳೆಯೋರಿದ್ರೆ ಉಳಿಸ್ತೀಯಾ? 45 ಆದ್ರೆ? 40? 30? 20? ಕೊನೆಗೆ 10ಕ್ಕೆ ಇಳಿಸ್ತಾನೆ. ಬೈಸ್ಕೊಳ್ಳಲ್ಲ. ಶಿಲುಬೆಗೆ ಹಾಕೋ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಸ್ವಾಮಿನೇ ಈ ಕಷ್ಟದ ಪಾತ್ರೆ ನನ್ನಿಂದ ದೂರ ಆಗಲಿ ಅಂತ ಮೊದಲು ಕೇಳಿದ್ರು, ಆದ್ರೂ ನನ್ನ ಚಿತ್ತ ಅಲ್ಲ ನಿನ್ನ ಚಿತ್ತ ಆಗಲಿ ಅನ್ನೋದು ಅದಾದ ಮೇಲಿನ ಮಾತು. ಕೇಳೋದೂ ನಂಬಿಕೆಯ ಭಾಗನೇ ಅಂತ ಇದರಿಂದ ಗೊತ್ತಾಗುತ್ತೆ.

ಇನ್ನು ಭರವಸೆ ಇಡೋದು ಅಂದ್ರೆ ಏನು ಅಂತ. ಎರಡು ವರ್ಷದ ಹಿಂದೆ ನೆಲಮಂಗಲ ದಾಟಿ ಒಳಗೆ ಎಲ್ಲೋ ಒಂದು ಛತ್ರದಲ್ಲಿ ಮದುವೆ, ಮೊಬೈಲಲ್ಲಿ ನೆಟ್‌ವರ್ಕ್ ಸತ್ತು ಮ್ಯಾಪ್ ನಿಂತೋಯ್ತು. ಚಿಕ್ಕಪ್ಪನ ಮಗ ಸ್ಕೂಟರಲ್ಲಿ ಬಂದು "ನನ್ ಹಿಂದೆ ಬನ್ನಿ" ಅಂದ. ಮ್ಯಾಪಲ್ಲಾದ್ರೆ ಇಡೀ ದಾರಿ ಕಾಣುತ್ತೆ, ಎಷ್ಟು ನಿಮಿಷ ಅಂತಲೂ ಕಾಣುತ್ತೆ, ಯಾರನ್ನೂ ನಂಬೋ ಅವಶ್ಯಕತೆ ಇಲ್ಲ. ಇಲ್ಲಿ ನನಗೆ ಕಾಣ್ತಿದ್ದಿದ್ದು ಅವನ ಸ್ಕೂಟರಿನ ಕೆಂಪು ಲೈಟು ಒಂದೇ, ಅವನು ಡಾಂಬರು ಬಿಟ್ಟು ಮಣ್ಣು ರೋಡಿಗೆ ತಿರುಗಿಸಿದಾಗ ನಮ್ಮಮ್ಮ "ಇವನಿಗೆ ನಿಜವಾಗ್ಲೂ ಗೊತ್ತೇನೋ" ಅಂದ್ರು, ನಾನು ಗೊಣಗಿಕೊಂಡೇ ಹಿಂದೆ ಹೋದೆ, ಯಾಕಂದ್ರೆ ಅವನು ಆ ಊರಲ್ಲೇ ಹುಟ್ಟಿದೋನು ಅನ್ನೋದೊಂದು ನನಗೆ ಗೊತ್ತಿತ್ತು. ದೇವರ ಯೋಜನೆ ಮೇಲೆ ಭರವಸೆ ಇಡ್ತೀನಿ ಅನ್ನೋರ ಹತ್ರ ಮ್ಯಾಪ್ ಇರಲ್ಲ. ಮುಂದೆ ಹೋಗ್ತಿರೋನು ಯಾರು ಅನ್ನೋದು ಗೊತ್ತು ಅಂತ ಅವರು ನಂಬಿರ್ತಾರೆ, ಅಷ್ಟೇ. ಅಬ್ರಹಾಮ ಎಲ್ಲಿಗೆ ಹೋಗ್ತಿದ್ದೀನಿ ಅಂತ ಗೊತ್ತಿಲ್ಲದೇನೇ ಹೊರಟ ಅಂತ ಇಬ್ರಿಯರಿಗೆ ಬರೆದ ಪತ್ರದಲ್ಲಿದೆ. (ಹೋಲಿಕೆನ ಇಲ್ಲಿಗೇ ಬಿಡೋಣ, ಆವತ್ತು ನಮ್ಮ ಹುಡುಗ ಒಂದು ಸಲ ದಾರಿ ತಪ್ಪಿಸಿ ಯಾರದೋ ಅಡಿಕೆ ತೋಟಕ್ಕೆ ಕರ್ಕೊಂಡು ಹೋಗಿದ್ದ.)

ಕನ್ನಡ ಬೈಬಲ್ಲಲ್ಲಿ ಇದಕ್ಕೆ ಮೂರು ಪದ ಇವೆ, ನಂಬಿಕೆ, ಭರವಸೆ, ನಿರೀಕ್ಷೆ. ಮೂರನೇದು ನಮ್ಮ ದಿನದ ಮಾತಲ್ಲಿ ‘ಎಕ್ಸ್‌ಪೆಕ್ಟೇಶನ್’ ಅನ್ನೋ ಹಾಗೆ ಕೇಳ್ಸುತ್ತೆ, ಮಳೆ ನಿರೀಕ್ಷೆ, ರಿಸಲ್ಟ್ ನಿರೀಕ್ಷೆ. ಬೈಬಲ್ಲಲ್ಲಿ ಅದು ಇನ್ನೂ ಕಾಣದೇ ಇರೋದಕ್ಕೆ ಗಟ್ಟಿ ಮನಸ್ಸಿಂದ ಕಾಯೋದು. ಸಾವಿನ ಮನೆಯ ಹಾಡಿನ ಗುಟ್ಟು ಈ ಪದದಲ್ಲಿದೆ. ಸತ್ತೋರು ಮತ್ತೆ ಎದ್ದು ಬರೋ ದಿನ ಇದೆ ಅಂತ ಕ್ರಿಶ್ಚಿಯನ್ನರು ನಂಬ್ತಾರೆ, ಅದಕ್ಕೇ ಪೌಲ ನಿರೀಕ್ಷೆ ಇಲ್ಲದೋರ ಹಾಗೆ ದುಃಖಪಡಬೇಡಿ ಅಂತ ಬರೀತಾನೆ. ದುಃಖನೇ ಪಡಬೇಡಿ ಅಂತ ಬರೆದಿಲ್ಲ.

ಫ್ರಿಜ್ ಮೇಲೆ ಅಂಟಿಸಿರೋ ವಾಕ್ಯ

ಡಿಸೆಂಬರ್ 31ರ ರಾತ್ರಿ ಬ್ರಿಗೇಡ್ ರೋಡಲ್ಲಿ ಜನ ಕುಣೀತಿರುವಾಗ ನಮ್ಮ ಚರ್ಚುಗಳಲ್ಲಿ ವಾಚ್ ನೈಟ್ ಸರ್ವಿಸ್ ನಡೀತಿರುತ್ತೆ. 12 ಗಂಟೆ ಆದ ಮೇಲೆ ಬಹಳ ಸಭೆಗಳಲ್ಲಿ ಒಂದು ತಟ್ಟೇಲಿ ವಾಗ್ದಾನದ ಕಾರ್ಡುಗಳನ್ನ ಇಟ್ಟಿರ್ತಾರೆ, ಒಬ್ಬೊಬ್ಬರೂ ಒಂದೊಂದು ಎತ್ಕೊಂಡು ಮನೆಗೆ ಹೋಗಿ ಫ್ರಿಜ್ ಮೇಲೋ ಬೀರು ಮೇಲೋ ಅಂಟಿಸ್ತಾರೆ. ಅದರಲ್ಲಿ ಎಲ್ಲರಿಗೂ ಬೇಕಾಗಿರೋ ಕಾರ್ಡು ಯೆರೆಮೀಯ 29:11. ನಿಮ್ಮ ಬಗ್ಗೆ ನನಗಿರೋ ಆಲೋಚನೆಗಳು ಅಹಿತದ್ದಲ್ಲ ಹಿತದ್ದು ಅನ್ನೋ ಅರ್ಥದ ವಾಕ್ಯ.

ಅದರ ಹಿಂದುಮುಂದಿನ ಕತೆ ಕಾರ್ಡಲ್ಲಿ ಹಿಡಿಸಲ್ಲ. ಬಾಬೆಲ್ (ಬ್ಯಾಬಿಲೋನ್) ರಾಜ ನೆಬೂಕದ್ನೆಚ್ಚರ ಯೆರೂಸಲೇಮಿನ ಜನರನ್ನ ಸೆರೆ ಹಿಡಿದು ಕರ್ಕೊಂಡು ಹೋಗಿದ್ದ, ಅವರಿಗೆ ಪ್ರವಾದಿ ಯೆರೆಮೀಯ ಬರೆದ ಕಾಗದ ಅದು. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನೋ ಇನ್ನೊಬ್ಬ ಪ್ರವಾದಿ ಇನ್ನು ಎರಡೇ ವರ್ಷ, ಎಲ್ಲ ವಾಪಸ್ ಬರುತ್ತೆ ಅಂತ ಹೇಳ್ತಾನೆ. ಯೆರೆಮೀಯ ಹೇಳಿದ್ದು 70 ವರ್ಷ. ಲೆಕ್ಕ ಹಾಕಿ, ಆ ಕಾಗದ ಓದಿದ ದೊಡ್ಡೋರಲ್ಲಿ ಬಹುಪಾಲು ಜನ ವಾಪಸ್ ಹೋಗೋದನ್ನ ನೋಡೋಕೆ ಬದುಕಿರಲ್ಲ. ಹಿತದ ಆಲೋಚನೆ ಅನ್ನೋ ಮಾತು ಬರೋದು ಅದರ ಮುಂದಿನ ವಚನದಲ್ಲಿ. ಕಾಗದದ ಶುರುವಿನಲ್ಲಿ ಇನ್ನೂ ಸಾದಾ ಸೂಚನೆಗಳಿವೆ. ಮನೆ ಕಟ್ಕೊಳ್ಳಿ, ತೋಟ ಹಾಕಿ, ಮದುವೆ ಮಾಡ್ಕೊಳ್ಳಿ, ನೀವಿರೋ ಊರಿನ ಕ್ಷೇಮಕ್ಕೆ ಪ್ರಾರ್ಥನೆ ಮಾಡಿ. ಹೊಟ್ಟೆಪಾಡಿಗೆ ಊರು ಬಿಟ್ಟು ಬೆಂಗಳೂರಿಗೆ ಬಂದು ಮೂರು ತಲೆಮಾರಾದ ನಮ್ಮಂಥೋರ ಮನೆಗಳಲ್ಲಿ ಈ ಭಾಗಾನೂ ಕಾರ್ಡ್ ಮಾಡಿ ಅಂಟಿಸಬಹುದಿತ್ತು ಅನ್ನಿಸುತ್ತೆ ನನಗೆ.

ಅಂದ್ರೆ ‘ಯೋಜನೆ’ ಅಂದ ತಕ್ಷಣ ಮೂರು ತಿಂಗಳಲ್ಲಿ ಕೆಲಸ, ಜೂನ್‌ನಲ್ಲಿ ಮದುವೆ ಅಂತ ಓದ್ಕೊಳ್ಳೋದು ಆ ವಾಕ್ಯಕ್ಕೆ ಮಾಡೋ ಅನ್ಯಾಯ. ಮೊದಲು ಬರೆದಾಗ ಅದು ಒಂದಿಡೀ ಜನಾಂಗಕ್ಕೆ, ತಲೆಮಾರುಗಳ ಲೆಕ್ಕದಲ್ಲಿ ಹೇಳಿದ್ದು.

ಹಂಗಾದ್ರೆ ಕೆಟ್ಟದ್ದನ್ನೂ ದೇವರೇ ಮಾಡ್ಸೋದಾ?

ಇಲ್ಲಿ ಕ್ರಿಶ್ಚಿಯನ್ನರಲ್ಲೇ ಒಮ್ಮತ ಇಲ್ಲ. ಕೆಲವು ಪರಂಪರೆಗಳು ದೇವರ ಸಂಕಲ್ಪ ಇಲ್ಲದೇ ಏನೂ ನಡೆಯಲ್ಲ ಅನ್ನೋ ಕಡೆ ಜಾಸ್ತಿ ವಾಲ್ತವೆ, ಇನ್ನು ಕೆಲವು ದೇವರು ಮನುಷ್ಯನಿಗೆ ನಿಜವಾದ ಸ್ವಾತಂತ್ರ್ಯ ಕೊಟ್ಟಿದ್ದಾನೆ, ಕೆಟ್ಟದ್ದು ನಡೆಯೋಕೆ ಬಿಡ್ತಾನೆ ಹೊರತು ಮಾಡಿಸಲ್ಲ ಅಂತವೆ. ನಮ್ಮ ಬೆಂಗಳೂರಲ್ಲೇ ಎರಡೂ ಬೇರು ಇವೆ. ಕಾರ್ಪೊರೇಷನ್ ಹತ್ರ ಇರೋ ಹಡ್ಸನ್ ಮೆಮೋರಿಯಲ್ ಚರ್ಚ್, 1904ರದ್ದು, ವೆಸ್ಲಿಯ ಮೆಥಡಿಸ್ಟ್ ಮಿಷನ್ನಿಂದ ಬಂದಿದ್ದು. ಅಲ್ಲಿಂದ ನಡ್ಕೊಂಡು ಹೋಗೋ ದೂರದಲ್ಲಿ ಅವೆನ್ಯೂ ರೋಡಿನ ರೈಸ್ ಮೆಮೋರಿಯಲ್ ಚರ್ಚ್ ಲಂಡನ್ ಮಿಷನ್ನಿನದ್ದು, ಶಾಸನಗಳ ಬಿ.ಎಲ್. ರೈಸ್ ಇದ್ದಾರಲ್ಲ, ಅವರ ತಂದೆ ಹೆಸರಲ್ಲಿರೋದು. ಮೆಥಡಿಸ್ಟರು ಸ್ವಾತಂತ್ರ್ಯದ ಕಡೆ, ಲಂಡನ್ ಮಿಷನ್ನಿನ ಹಿಂದಿದ್ದ ಕಾಂಗ್ರಿಗೇಷನಲ್ ಪರಂಪರೆ ಮೂಲದಲ್ಲಿ ಸಂಕಲ್ಪದ ಕಡೆ. 1947ರ ಸೆಪ್ಟೆಂಬರ್ 27ಕ್ಕೆ ಮದ್ರಾಸಲ್ಲಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದ್ರೆ ಸಿಎಸ್‌ಐ ಶುರುವಾಗಿ ಇವೆಲ್ಲ ಒಂದಾದ್ವು. ಇವತ್ತು ಎರಡೂ ಚರ್ಚಿನ ಕನ್ನಡ ಆರಾಧನೆಯಲ್ಲಿ ಕೂತೋರಿಗೆ ಈ ಜಗಳ ಇತ್ತು ಅನ್ನೋದೇ ಗೊತ್ತಿರಲ್ಲ.

ಎರಡೂ ಕಡೆಯೋರು ಉದಾಹರಣೆಗೆ ಎತ್ಕೊಳ್ಳೋದು ಆದಿಕಾಂಡದ ಯೋಸೇಫನನ್ನ. 17 ವರ್ಷದ ಹುಡುಗ, ಅಣ್ಣಂದಿರೇ ಗುಂಡಿಗೆ ತಳ್ಳಿ ಆಮೇಲೆ 20 ಬೆಳ್ಳಿ ನಾಣ್ಯಕ್ಕೆ ವ್ಯಾಪಾರಿಗಳಿಗೆ ಮಾರಿದ್ರು. ಐಗುಪ್ತದಲ್ಲಿ (ಈಜಿಪ್ಟಲ್ಲಿ) ಆಳು ಕೆಲಸ, ಯಜಮಾನನ ಹೆಂಡತಿ ಸುಳ್ಳು ಆರೋಪ ಹಾಕಿ ಜೈಲು, ಜೈಲಲ್ಲಿ ಸಹಾಯ ಮಾಡಿಸ್ಕೊಂಡೋನು ಹೊರಗೆ ಹೋದ ಮೇಲೆ ಮರೆತೇ ಬಿಟ್ಟ, ಮತ್ತೆ ಎರಡು ವರ್ಷ. ಫರೋಹನ ಮುಂದೆ ನಿಲ್ಲೋ ಹೊತ್ತಿಗೆ ಅವನಿಗೆ 30. ಹದಿಮೂರು ವರ್ಷ ಹೋಯ್ತು. ಕೊನೆಗೆ ಬರಗಾಲದಲ್ಲಿ ಅದೇ ಅಣ್ಣಂದಿರಿಗೆ ಅನ್ನ ಹಾಕೋ ಸ್ಥಾನಕ್ಕೆ ಬಂದಾಗ ಅವನು ಹೇಳಿದ ಮಾತಿನ ಸಾರ ಇಷ್ಟು. ನೀವು ನನಗೆ ಕೇಡು ಬಗೆದ್ರಿ, ದೇವರು ಅದರಿಂದಲೇ ಒಳ್ಳೇದನ್ನ ಬಗೆದ.

ನೀವು ಕೇಡು ಬಗೆದ್ರಿ ಅನ್ನೋದನ್ನ ಅವನು ನುಂಗಲಿಲ್ಲ ನೋಡಿ, ತಪ್ಪು ತಪ್ಪೇ. ಇನ್ನೊಂದು, ಆ ಮಾತು ಹೇಳಿದ್ದು ಅನುಭವಿಸಿದ ಯೋಸೇಫನೇ, ಎಷ್ಟೋ ವರ್ಷ ಆದ ಮೇಲೆ. ಅವನು ಗುಂಡಿಯೊಳಗೆ ಕೂತಿರುವಾಗ ಮೇಲಿಂದ ಬಗ್ಗಿ ‘ಬಿಡಪ್ಪಾ, ದೇವರ ಪ್ಲಾನ್ ಇರುತ್ತೆ’ ಅಂತ ಯಾರೂ ಹೇಳಲಿಲ್ಲ.

ಕಷ್ಟ ಬಂದೋರು ಏನೋ ಪಾಪ ಮಾಡಿರ್ಬೇಕು ಅನ್ನೋ ಮಾತೂ ಇದೆಯಲ್ಲ, ಅದಕ್ಕೂ ಉತ್ತರ ಸಿಗುತ್ತೆ. ಸಿಲೋವದಲ್ಲಿ ಗೋಪುರ ಬಿದ್ದು 18 ಜನ ಸತ್ತಿದ್ದನ್ನ ಎತ್ಕೊಂಡು ಯೇಸು ಸ್ವಾಮಿ, ಅವರು ಊರಲ್ಲಿರೋ ಬೇರೆ ಎಲ್ಲರಿಗಿಂತ ದೊಡ್ಡ ತಪ್ಪಿತಸ್ಥರು ಅಂದ್ಕೊಂಡ್ರಾ, ಅಲ್ಲ ಅಂದ್ರು.

ಸ್ತುತಿ ಮಾಡಿದ್ರೆ ಕೆಲಸ ಆಗುತ್ತಾ?

ಕೆಲವು ಕಡೆ ಹಾಗೆ ಬೋಧನೆ ನಡೆಯುತ್ತೆ. ಜೋರಾಗಿ ಸ್ತುತಿಸಿ, ಮುಚ್ಚಿದ ಬಾಗಿಲು ತೆರೆಯುತ್ತೆ, ವೀಸಾ ಬರುತ್ತೆ, ಸಾಲ ತೀರುತ್ತೆ ಅಂತ. ಅವರು ತೋರಿಸೋದು ಬೈಬಲ್ಲಿನ ಅಪೊಸ್ತಲರ ಕೃತ್ಯಗಳು ಅನ್ನೋ ಪುಸ್ತಕದ 16ನೇ ಅಧ್ಯಾಯ. ಫಿಲಿಪ್ಪಿ ಊರಿನ ಜೈಲಲ್ಲಿ ಪೌಲ, ಸೀಲ ಇಬ್ಬರೂ ಏಟು ತಿಂದು ಕಾಲಿಗೆ ಕೋಳ ಹಾಕಿಸ್ಕೊಂಡು ಮಧ್ಯರಾತ್ರಿ ಹಾಡ್ತಿದ್ರು, ಭೂಕಂಪ ಆಗಿ ಬಾಗಿಲೆಲ್ಲ ತೆರೀತು. ಸರಿ, ಆದ್ರೆ ಬಾಗಿಲು ತೆರೆದ ಮೇಲೂ ಅವರು ಓಡಿ ಹೋಗಲಿಲ್ಲ, ಒಳಗೇ ಕೂತಿದ್ರು, ಕೈದಿಗಳು ಓಡಿ ಹೋದ್ರು ಅಂದ್ಕೊಂಡು ಜೀವ ಕಳ್ಕೊಳ್ಳೋಕೆ ಹೊರಟಿದ್ದ ಜೈಲರ್‌ನ ಪೌಲನೇ ತಡೆದ. ತಪ್ಪಿಸ್ಕೊಳ್ಳೋಕೆ ಹಾಡಿದ್ದಾಗಿದ್ರೆ ಓಡಬೇಕಿತ್ತಲ್ಲ.

ಅದೇ ಪುಸ್ತಕದ 12ನೇ ಅಧ್ಯಾಯ ಇನ್ನೂ ಗಟ್ಟಿ. ಶುರುವಿನಲ್ಲೇ ಹೆರೋದ ರಾಜ ಯಾಕೋಬನನ್ನ ಕತ್ತಿಯಿಂದ ಕೊಲ್ಲಿಸ್ತಾನೆ, ಅದಾಗಿ ಸ್ವಲ್ಪದರಲ್ಲೇ ಪೇತ್ರ ಜೈಲಿಂದ ಅದ್ಭುತವಾಗಿ ಹೊರಗೆ ಬರ್ತಾನೆ. ಇಬ್ಬರೂ ಯೇಸುವಿನ ಜೊತೆ ಓಡಾಡಿದ ಶಿಷ್ಯರೇ. ಒಬ್ಬ ಉಳಿದ, ಒಬ್ಬ ಉಳೀಲಿಲ್ಲ, ಯಾಕೆ ಅಂತ ಆ ಅಧ್ಯಾಯದಲ್ಲಿ ಒಂದು ಅಕ್ಷರ ವಿವರಣೆ ಇಲ್ಲ. ನಾನಾಗಿ ಅದಕ್ಕೊಂದು ಕಾರಣ ಹುಡುಕಿ ಇಲ್ಲಿ ಬರೆಯಲ್ಲ.

ಡಾಕ್ಟರ ಹತ್ರ ಹೋಗೋದು ಅಪನಂಬಿಕೆನಾ ಅಂತಲೂ ಕೇಳ್ತಾರೆ. ಅದಕ್ಕೆ ಉದ್ದ ಉತ್ತರ ಬೇಡ. ನೃಪತುಂಗ ರೋಡಿನ ಸೇಂಟ್ ಮಾರ್ಥಾಸ್ ಆಸ್ಪತ್ರೆಯನ್ನ ಕ್ರಿಶ್ಚಿಯನ್ ಸಿಸ್ಟರ್‌ಗಳು ಶುರು ಮಾಡಿದ್ದು 1886ರಲ್ಲಿ, ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜ್ 1963ರದ್ದು. ಲೂಕ ವೈದ್ಯ ಅಂತ ಬೈಬಲ್ಲೇ ಹೇಳುತ್ತೆ. ಗೋಪುರ ಕಟ್ಟೋ ಮುಂಚೆ ಕೂತು ಖರ್ಚು ಲೆಕ್ಕ ಹಾಕಲ್ವಾ ಅಂತ ಯೇಸು ಸ್ವಾಮಿನೇ ಕೇಳಿದ್ದಾರೆ, ಹಾಗಾಗಿ ಹೆಲ್ತ್ ಇನ್ಶೂರೆನ್ಸ್ ಮಾಡ್ಸಿ.

ದಿನಾ ಇದು ಹೇಗೆ ನಡೆಯುತ್ತೆ

ದೊಡ್ಡ ಮಟ್ಟದಲ್ಲಿ ನೋಡ್ಬೇಕು ಅಂದ್ರೆ ಸೆಪ್ಟೆಂಬರ್ 8ಕ್ಕೆ ಶಿವಾಜಿನಗರದ ಸೇಂಟ್ ಮೇರಿಸ್ ಬೆಸಿಲಿಕಾಗೆ ಹೋಗಿ, ಕಾವಿ ಬಣ್ಣದ ಸೀರೆ ಉಟ್ಟು ಹರಕೆ ತೀರಿಸೋಕೆ ಬಂದೋರ ಮಧ್ಯೆ ಕಾಲಿಡೋಕೆ ಜಾಗ ಇರಲ್ಲ. ಗುರುವಾರ ಆದ್ರೆ ವಿವೇಕನಗರದ ಬಾಲಯೇಸು ಚರ್ಚ್. ಸಿಎಸ್‌ಐ ಚರ್ಚುಗಳಲ್ಲಿ ಹಾರ್ವೆಸ್ಟ್ ಫೆಸ್ಟಿವಲ್. ಈಗ ಯಾರ ಹತ್ರಾನೂ ಹೊಲ ಇಲ್ಲ, ಆದ್ರೂ ಕುಂಬಳಕಾಯಿ, ಬಾಳೆಗೊನೆ, ಕೋಳಿ, ಮನೇಲಿ ಮಾಡಿದ ಕೇಕು ಎಲ್ಲ ತಂದಿಟ್ಟು ಆಮೇಲೆ ಹರಾಜು ಹಾಕ್ತಾರೆ, ನೂರು ರೂಪಾಯಿ ಕುಂಬಳಕಾಯಿ ಸಾವಿರ ದಾಟುತ್ತೆ, ಇಬ್ಬರು ಅಂಕಲ್‌ಗಳು ಜಿದ್ದಿಗೆ ಬಿದ್ರೆ ಇನ್ನೂ ಮೇಲೆ. ಅದರಲ್ಲಿ ಎಷ್ಟು ಸ್ತುತಿ ಎಷ್ಟು ಜಂಬ ಅಂತ ದೇವರಿಗೇ ಗೊತ್ತು. ಬೆಳೆ ಬಂದಾಗ ಹಬ್ಬ ಸುಲಭ. ಹಬಕ್ಕೂಕ ಅನ್ನೋ ಪ್ರವಾದಿ ಅಂಜೂರ ಚಿಗುರದೇ ಇದ್ರೂ, ದ್ರಾಕ್ಷಿ ಬಿಡದೇ ಇದ್ರೂ, ಕೊಟ್ಟಿಗೇಲಿ ದನ ಇಲ್ಲದೇ ಹೋದ್ರೂ ಸಂತೋಷಪಡ್ತೀನಿ ಅಂತ ಬರೆದಿದ್ದಾನೆ, ಆ ಭಾಗದ ಮೇಲೆ ಹರಾಜಿನ ದಿನ ಪಾಸ್ಟರ್ ಪ್ರಸಂಗ ಮಾಡಿದ್ದು ನಾನಂತೂ ಕೇಳಿಲ್ಲ.

ಮನೆಗಳಲ್ಲಿ ಇನ್ನೂ ಸಣ್ಣದು. ರಾತ್ರಿ ಊಟಕ್ಕೆ ಮುಂಚೆ ಒಂದು ಹಾಡು, ಒಂದು ಕೀರ್ತನೆ, ಪ್ರಾರ್ಥನೆ, ಕೊನೆಗೆ ಎಲ್ಲರೂ ಸೇರಿ ‘ಪರಲೋಕದಲ್ಲಿರುವ ನಮ್ಮ ತಂದೆಯೇ’. ನಮ್ಮಜ್ಜಿ ಪ್ರಾರ್ಥನೆ ಶುರು ಮಾಡಿದ್ರೆ ಅಮೆರಿಕದ ಮೊಮ್ಮಗನಿಂದ ಹಿಡಿದು ಹಾಲಿನವನ ಮಗಳ ಎಸ್ಸೆಸ್ಸೆಲ್ಸಿವರೆಗೆ ಹೋಗಿ ಬರೋ ಹೊತ್ತಿಗೆ ಸಾರು ಆರಿರ್ತಿತ್ತು.

ಅಜ್ಜಿ ಹತ್ರ ಒಂದು ನೋಟ್‌ಬುಕ್ ಇತ್ತು, ನಮ್ಮ ಸ್ಕೂಲಿಂದು, ಅರ್ಧ ಬರೆದು ಬಿಟ್ಟಿದ್ದ ಲೆಕ್ಕದ ಪುಸ್ತಕ. ಎಡಗಡೆ ಪುಟದಲ್ಲಿ ಪ್ರಾರ್ಥನೆಯ ವಿಷಯ ಮತ್ತು ತಾರೀಖು, ಬಲಗಡೆ ಪುಟದಲ್ಲಿ ಅದು ಆದ ದಿನ. ಅವರು ಹೋದ ಮೇಲೆ ಬೀರು ಖಾಲಿ ಮಾಡುವಾಗ ಸಿಕ್ತು. ‘ಗೇಟಿನ ಬೀಗದ ಕೈ’, ಎದುರಿಗೆ ಅದೇ ದಿನದ ತಾರೀಖು, ‘ಸಿಕ್ಕಿತು, ಸ್ತೋತ್ರ’. ‘ಚಿಕ್ಕವನ ಕುಡಿತ’, ಎದುರಿಗೆ ಏನೂ ಇಲ್ಲ. ಎರಡು ಪುಟ ಬಿಟ್ಟು ಮತ್ತೆ ‘ಚಿಕ್ಕವನ ಕುಡಿತ’, ಎದುರಿಗೆ ಖಾಲಿ. ನಾನು ಎಣಿಸಿದೆ, ಹನ್ನೊಂದು ಸಲ ಬರೆದಿದ್ರು, ಹನ್ನೊಂದೂ ಖಾಲಿ. ಆದ್ರೆ ಪ್ರತಿ ಪುಟದ ತಲೆ ಮೇಲೆ, ಖಾಲಿ ಇರೋ ಬಲಗಡೆ ಪುಟಗಳಲ್ಲೂ, ಸಣ್ಣ ಅಕ್ಷರದಲ್ಲಿ ‘ಸ್ತೋತ್ರ’ ಅಂತ ಮೊದಲೇ ಬರೆದಿಟ್ಟಿದ್ರು, ನಾವು ಪರೀಕ್ಷೆ ಪೇಪರ್ ಮೇಲೆ ಹಾಕ್ತಿದ್ವಲ್ಲ, ಹಾಗೆ.

ಇಂಥ ಮನೆಗೆ ಹೋದಾಗ ಏನು ಹೇಳ್ಬೇಕು?

ಹುಡುಗ ಆಮೇಲೆ ಇದನ್ನೂ ಕೇಳಿದ. ಯೋಬನ ಸ್ನೇಹಿತರು ಬಂದಾಗ ಮೊದಲು ಏಳು ದಿನ ಏಳು ರಾತ್ರಿ ಅವನ ಪಕ್ಕ ನೆಲದ ಮೇಲೆ ಬಾಯಿಬಿಡದೇ ಕೂತಿದ್ರು, ಅವರು ಮಾಡಿದ ಸರಿಯಾದ ಕೆಲಸ ಅದೊಂದೇ. ಆಮೇಲೆ ದೇವರ ಪರವಾಗಿ ಕಾರಣ ಕೊಡೋಕೆ ಶುರು ಮಾಡಿದ್ರು, ಪುಸ್ತಕದ ಕೊನೇಲಿ ದೇವರೇ ಅವರ ಮೇಲೆ ಸಿಟ್ಟಾಗಿ, ನನ್ನ ಬಗ್ಗೆ ಸರಿಯಾಗಿ ಮಾತಾಡಿದ್ದು ಯೋಬ, ನೀವಲ್ಲ ಅಂತಾನೆ. ವಾದ ಮಾಡಿದೋನನ್ನ ಮೆಚ್ಚಿಕೊಂಡ, ಸಮರ್ಥನೆ ಮಾಡಿದೋರನ್ನ ಬೈದ. ಹಾಗಾಗಿ ದೇವರ ಯೋಜನೆ ಅನ್ನೋ ಮಾತನ್ನ ಆ ಮನೆಯೋರೇ ಹೇಳ್ಕೊಂಡ್ರೆ ಕೇಳಿಸ್ಕೊಳ್ಳಿ, ನಾವಾಗಿ ಅವರಿಗೆ ಹೇಳೋದು ಬೇಡ. ಕುರ್ಚಿ ಜೋಡಿಸಿ, ಟೀ ತನ್ನಿ, ಸಾಕು.

ಹೋದ ವಾರ ಆಂಟಿ ಮನೇಲಿ ಪ್ರಾರ್ಥನೆ ಇಟ್ಕೊಂಡಿದ್ರು, ನಮ್ಮ ಹುಡುಗನೂ ಬಂದು ಬಾಗಿಲ ಹತ್ರ ನಿಂತಿದ್ದ. ಪಾಸ್ಟರ್ ಮುಗಿಸಿದ ಮೇಲೆ ಆಂಟಿ ತಾವೂ ಎರಡು ಮಾತು ಪ್ರಾರ್ಥನೆ ಮಾಡ್ತೀನಿ ಅಂದ್ರು. "ಅವರನ್ನ ಯಾಕೆ ಕರ್ಕೊಂಡೆ ಅಂತ ನಂಗೆ ಗೊತ್ತಿಲ್ಲಪ್ಪಾ. ನಿನ್ನ ಮೇಲೆ ನಂಗೆ ತುಂಬಾ ಕೋಪ ಇದೆ. ರಾತ್ರಿ ಹೊತ್ತು ಮನೆ ಹೆಂಗಿರುತ್ತೆ ಅಂತ ನಿಂಗೆ ಗೊತ್ತಿರುತ್ತೆ. ಸ್ತೋತ್ರ." ಅಷ್ಟೇ. ಆಮೆನ್ ಅನ್ನೋಕೂ ಮರೆತ್ರು, ನಾವೇ ಅಂದ್ವಿ. ಕಣ್ಣು ಒರೆಸ್ಕೊಂಡು ತಲೆ ಎತ್ತಿದೋರು ಬಾಗಿಲ ಕಡೆ ನೋಡಿ, "ಬೈಕ್ ಒಳಗೆ ಹಾಕಿದ್ಯೇನಪ್ಪಾ, ಮಳೆ ಬರೋ ಹಾಗಿದೆ" ಅಂದ್ರು.